ಹಿಂದಿನಿಂದ ನಡೆಯುವುದನ್ನು ಕಲಿತದ್ದು

14ರಿಂದ 16 ವರ್ಷದೊಳಗಿನ ಹನ್ನೆರಡು ಮಂದಿ ಮಕ್ಕಳನ್ನು ಎರಡು ಹಗಲು, ಒಂದು ರಾತ್ರಿಯ ಚಾರಣಕ್ಕೆ ಸಿದ್ಧಗೊಳಿಸುವ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಪಟ್ಟಿಯನ್ನು ಬರೆದದ್ದು. ತರಬೇಕಾದ ವಸ್ತುಗಳು ಒಟ್ಟು 43. ಪ್ರತಿಯೊಂದರ ಮುಂದೆಯೂ ಗುರುತು ಹಾಕಲು ಒಂದೊಂದು ಚೌಕ. ಅದರ ಜೊತೆಗೆ, ದಿನದ ಪ್ರತಿ ಗಂಟೆಗೂ ಏನು ಮಾಡಬೇಕೆಂಬ ವೇಳಾಪಟ್ಟಿಯನ್ನೂ, ನಾನೇ ಆಯ್ದ ದಾರಿಯ ನಕ್ಷೆಯನ್ನೂ ಸೇರಿಸಿ, ಇಂತಹ ಚಾರಣಗಳನ್ನು ಅನೇಕ ವರ್ಷಗಳಿಂದ ನಡೆಸಿಕೊಂಡು ಬಂದಿದ್ದ ನನ್ನ ಸಹ-ನಾಯಕಿಯ ಕೈಗೆ ಸಾಕಷ್ಟು ಹೆಮ್ಮೆಯಿಂದಲೇ ಕೊಟ್ಟೆ. ಅವರು ಎಲ್ಲವನ್ನೂ ಸಾವಧಾನವಾಗಿ ಓದಿ, "ಚೆನ್ನಾಗಿದೆ ಸರ್. ಇದರಲ್ಲಿ ಮಕ್ಕಳು ತೀರ್ಮಾನಿಸಬೇಕಾದದ್ದು ಯಾವುದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಎಂಟು ವಾರಗಳ ಸಿದ್ಧತೆಯಲ್ಲಿ ಮಕ್ಕಳು ಎಷ್ಟು ಕಲಿತರೋ ನಾನೂ ಅಷ್ಟೇ ಕಲಿಯಬೇಕಾಯಿತು, ಮತ್ತು ನನ್ನ ಪಾಠ ಹೆಚ್ಚಾಗಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಂಬಂಧಿಸಿತ್ತು.

ಹನ್ನೆರಡು ಮಂದಿಯನ್ನು ಆರಾರು ಮಂದಿಯ ಎರಡು ತಂಡಗಳಾಗಿ ಮಾಡಿದ್ದು ಸಹ-ನಾಯಕಿಯ ಸಲಹೆಯಂತೆ. ಬ್ರಿಟನ್ನಿನಲ್ಲಿ 1956ರಲ್ಲಿ ಆರಂಭವಾದ, ಯುವಜನರು ಚಾರಣ, ಸೇವೆ ಮುಂತಾದವನ್ನು ಪೂರೈಸಿ ಪಡೆಯುವ ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿಯ ಚಾರಣಗಳಲ್ಲಿ ಕಾಲ್ನಡಿಗೆಯ ತಂಡಕ್ಕೆ 4ರಿಂದ 7 ಮಂದಿ ಎಂಬ ಮಿತಿಯಿದೆ. ದೊಡ್ಡವರು ಜೊತೆಯಲ್ಲಿ ನಡೆಯದೆ ದೂರದಿಂದ ಗಮನಿಸುತ್ತಾರೆ. ನಮ್ಮದು ಅಷ್ಟು ದೂರದ ಮಾತಲ್ಲವಾದರೂ ಆ ಸಂಖ್ಯೆಯ ಹಿಂದಿನ ವಿವೇಕ ಮೊದಲ ವಾರದಲ್ಲಿಯೇ ಅರ್ಥವಾಯಿತು. ಹನ್ನೆರಡು ಮಂದಿಯ ಗುಂಪಿನಲ್ಲಿ ಇಬ್ಬರು ನಿರ್ಧರಿಸುತ್ತಾರೆ, ನಾಲ್ವರು ತಲೆಯಾಡಿಸುತ್ತಾರೆ, ಉಳಿದವರು ಹರಟುತ್ತಾರೆ. ಆರು ಮಂದಿಯ ನಡುವೆ ಹಾಗೆ ಅಡಗಿಕೊಳ್ಳಲು ಜಾಗವಿರುವುದಿಲ್ಲ.

ಚೀಲಗಳ ವಿಷಯದಿಂದ ಆರಂಭಿಸಿದೆವು. ನನ್ನ ಪಟ್ಟಿಯನ್ನು ಕೊಡದೆ, "ಎರಡು ದಿನಕ್ಕೆ ಬೇಕಾದದ್ದನ್ನೆಲ್ಲ ತುಂಬಿಕೊಂಡು ಬನ್ನಿ" ಎಂದಷ್ಟೇ ಹೇಳಿ, ಬಂದ ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸಿದೆವು. ಹೊರುವ ಭಾರ ದೇಹತೂಕದ ಕಾಲು ಭಾಗವನ್ನು ಮೀರಬಾರದು, ಬೆಳೆಯುವ ಮಕ್ಕಳಿಗೆ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು ಎಂಬುದು ನಾವು ಇಟ್ಟುಕೊಂಡಿದ್ದ ಅಳತೆ. 48 ಕಿಲೊ ತೂಗುವ ಹುಡುಗಿಯೊಬ್ಬಳ ಚೀಲ ನೀರು ತುಂಬುವ ಮುನ್ನವೇ 13 ಕಿಲೊ ಇತ್ತು. ಎರಡು ಲೀಟರ್ ನೀರು ಸೇರಿದರೆ ಇನ್ನೆರಡು ಕಿಲೊ ಎಂಬುದನ್ನು ಅವಳು ಯೋಚಿಸಿಯೇ ಇರಲಿಲ್ಲ. ಬೇಡದ್ದನ್ನು ತೆಗೆದಿಡಿ ಎಂದು ಹೇಳುವ ಆಸೆಯನ್ನು ಹತ್ತಿಕ್ಕಿಕೊಂಡು, ಅದೇ ಚೀಲಗಳನ್ನು ಹೊತ್ತು ಮೈದಾನದ ಸುತ್ತಲೂ, ಕಟ್ಟಡದ ಮೆಟ್ಟಿಲುಗಳ ಮೇಲೂ ನಲವತ್ತು ನಿಮಿಷ ನಡೆಯಲು ಹೇಳಿದೆವು. ಅದಾದ ಮೇಲೆ ಯಾರಿಗೂ ಏನನ್ನೂ ಹೇಳಬೇಕಾಗಲಿಲ್ಲ. ಮೂರನೆಯ ಜೀನ್ಸ್, ಗಾಜಿನ ಶೀಶೆ, ತುಂಬಿದ ಶಾಂಪೂ ಬಾಟಲಿ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ತಂದಿದ್ದ ಆರು ಟೂತ್‌ಪೇಸ್ಟ್‌ಗಳಲ್ಲಿ ಐದು, ಎಲ್ಲವೂ ತಾವಾಗಿಯೇ ನೆಲದ ಮೇಲೆ ಬಂದು ಕುಳಿತವು. ಒಬ್ಬ ಹುಡುಗ ಮಾತ್ರ ಹೆಚ್ಚುವರಿ ಪ್ಯಾಂಟನ್ನು ತೆಗೆದಿಟ್ಟು, ದಪ್ಪನೆಯ ಕಥೆಪುಸ್ತಕವೊಂದನ್ನು ಉಳಿಸಿಕೊಂಡ. ನನ್ನ ಕೈಗೆ ಬಿಟ್ಟಿದ್ದರೆ ಎಲ್ಲಕ್ಕಿಂತ ಮೊದಲು ಹೊರಗೆ ಹೋಗುತ್ತಿದ್ದದ್ದು ಅದೇ.

ತುಂಬುವ ಕ್ರಮವನ್ನೂ ಹೊತ್ತು ನೋಡಿಯೇ ಕಲಿತರು. ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಭಾರವಾದವು ಬೆನ್ನಿಗೆ ಅಂಟಿಕೊಂಡಂತೆ ನಡುಮಟ್ಟದಿಂದ ಮೇಲಕ್ಕೆ, ಮಳೆಕೋಟು ಎಲ್ಲಕ್ಕಿಂತ ಮೇಲೆ. ಭಾರ ಬೆನ್ನಿನಿಂದ ದೂರ ಸರಿದಷ್ಟೂ ಚೀಲ ಹಿಂದಕ್ಕೆ ಜಗ್ಗುತ್ತದೆ. ಸೊಂಟದ ಪಟ್ಟಿಯನ್ನು ಬಿಗಿದಾಗ ಹೊರೆಯ ಹೆಚ್ಚಿನ ಪಾಲು ಭುಜದಿಂದ ಸೊಂಟಕ್ಕೆ ಇಳಿಯುತ್ತದೆ. ಚೀಲದ ಮೇಲೆ ಹೊದಿಸುವ ಮಳೆಹೊದಿಕೆಯನ್ನು ಮಾತ್ರ ನಂಬಬಾರದೆಂದು ಒಳಗಡೆಯೂ ಒಂದು ದಪ್ಪನೆಯ ಪ್ಲಾಸ್ಟಿಕ್ ಚೀಲವನ್ನಿಟ್ಟು, ಅದರೊಳಗೆ ಬಟ್ಟೆಗಳನ್ನು ತುಂಬಿಸಿದೆವು.

ಬಟ್ಟೆಯ ಬಗ್ಗೆ ಉಪನ್ಯಾಸ ಕೊಡುವ ಬದಲು ಸಹ-ನಾಯಕಿಯವರು ಒಂದು ಹತ್ತಿಯ ಅಂಗಿಯನ್ನೂ ಒಂದು ಪಾಲಿಯೆಸ್ಟರ್ ಅಂಗಿಯನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ನೆರಳಿನಲ್ಲಿ ಹರವಿದರು. ಸಂಜೆ ಸಭೆ ಮುಗಿಯುವ ಹೊತ್ತಿಗೆ ಎರಡನೆಯದು ಬಹುಮಟ್ಟಿಗೆ ಒಣಗಿತ್ತು, ಮೊದಲನೆಯದನ್ನು ಕೆನ್ನೆಗೆ ಒತ್ತಿಕೊಂಡ ಮಕ್ಕಳು ಮುಖ ಕಿವುಚಿದರು. ಪ್ರತಿ 1,000 ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬುದನ್ನು ಅವರು ಪಠ್ಯದಲ್ಲಿ ಓದಿದ್ದರು. ಆದರೆ ಬೆವರಿನಿಂದ ನೆನೆದ ಅಂಗಿ ಮತ್ತು ಗಾಳಿ ಜೊತೆಗೂಡಿದರೆ, ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲದಿದ್ದಾಗಲೂ ದೇಹದ ಶಾಖ ಅಪಾಯದ ಮಟ್ಟಕ್ಕೆ ಕುಸಿಯಬಹುದು ಎಂಬುದು ಹೊಸ ಸಂಗತಿಯಾಗಿತ್ತು. ನಡುಕ, ಎಡವುವ ಹೆಜ್ಜೆ, ತೊದಲುವ ಮಾತು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಈ ಲಕ್ಷಣಗಳು ಅನುಭವಿಸುವವರಿಗೆ ತಿಳಿಯುವುದಕ್ಕಿಂತ ಮೊದಲು ಪಕ್ಕದವರಿಗೆ ಕಾಣುತ್ತವೆ. ಆದ್ದರಿಂದ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಮುಖವನ್ನು ಇನ್ನೊಬ್ಬರು ಗಮನಿಸುತ್ತಿರಬೇಕೆಂದು ಗೊತ್ತುಮಾಡಿದೆವು.

ಮೊದಲ ಅಭ್ಯಾಸ ನಡಿಗೆ ನಾಲ್ಕನೆಯ ವಾರದಲ್ಲಿ ನಡೆಯಿತು: 9 ಕಿಲೋಮೀಟರ್ ದೂರ, 300 ಮೀಟರ್ ಏರು. ಅಂದು ಎರಡು ತಪ್ಪುಗಳಾದವು. ಒಂದು ನನ್ನದು. ಕವಲುದಾರಿಯೊಂದರಲ್ಲಿ ಮುಂದಿದ್ದ ತಂಡ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಎಡಕ್ಕೆ ತಿರುಗಿತು, ನಾನು ಕ್ಷಣವೂ ತಡೆಯಲಾರದೆ, "ಅಲ್ಲ, ಬಲಕ್ಕೆ!" ಎಂದು ಹಿಂದಿನಿಂದ ಕೂಗಿದೆ. ಅವರು ಬಲಕ್ಕೆ ತಿರುಗಿದರು. ಅಲ್ಲಿಂದ ಮುಂದೆ ಪ್ರತಿ ಕವಲಿನಲ್ಲಿಯೂ ನಕ್ಷೆಯನ್ನು ನೋಡುವ ಬದಲು ನನ್ನ ಮುಖವನ್ನು ನೋಡತೊಡಗಿದರು. "ಈಗ ನಿಮ್ಮ ಮುಖವೇ ಅವರಿಗೆ ದಿಕ್ಸೂಚಿ" ಎಂದು ಸಹ-ನಾಯಕಿಯವರು ನಗುತ್ತಲೇ ಹೇಳಿದರೂ ಆ ಮಾತು ನನಗೆ ನಾಟಿತು.

ಎರಡನೆಯ ತಪ್ಪು ಒಬ್ಬ ಹುಡುಗನದು, ಅಥವಾ ಅದೂ ನಮ್ಮದೇ. ಹಿಮ್ಮಡಿಯಲ್ಲಿ ಉರಿ ಆರಂಭವಾದದ್ದು ಮೊದಲ ಅರ್ಧ ಗಂಟೆಯಲ್ಲಿಯೇ. ಅವನು ಹೇಳಿದ್ದು ನಡಿಗೆ ಮುಗಿದ ಮೇಲೆ, ಕಾಲುಚೀಲಕ್ಕೆ ರಕ್ತ ಅಂಟಿದಾಗ. ಉರಿಯ ಹಂತದಲ್ಲಿ ನಿಂತು ಒಂದು ತುಂಡು ಟೇಪನ್ನು ಅಂಟಿಸಿದ್ದರೆ ಗುಳ್ಳೆ ಏಳುತ್ತಲೇ ಇರಲಿಲ್ಲ ಎಂಬುದನ್ನು ಎಲ್ಲರಿಗೂ ಹೇಳಿಕೊಟ್ಟಿದ್ದೆವು. ತಿಳಿವಳಿಕೆಯ ಕೊರತೆ ಅಲ್ಲಿರಲಿಲ್ಲ. ಹನ್ನೊಂದು ಮಂದಿಯನ್ನು ತನ್ನೊಬ್ಬನಿಗಾಗಿ ನಿಲ್ಲಿಸುವ ಸಂಕೋಚ ಇತ್ತು. ಹದಿನೈದರ ವಯಸ್ಸಿನವರಿಗೆ ನೋವಿಗಿಂತ ನಾಚಿಕೆ ದೊಡ್ಡದು ಎಂಬುದನ್ನು ನಾವು ಮರೆತಿದ್ದೆವು. ಮುಂದಿನ ನಡಿಗೆಯಿಂದ, ಹೊರಟ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಎಲ್ಲರೂ, ನಾವಿಬ್ಬರೂ ಸೇರಿದಂತೆ, ಕುಳಿತು ಬೂಟು ಬಿಚ್ಚಿ, ಕಾಲುಚೀಲವನ್ನು ಸರಿಪಡಿಸಿಕೊಂಡು, ಬೆವರಲಾರಂಭಿಸಿದ್ದರೆ ಒಂದು ಪದರ ಬಟ್ಟೆಯನ್ನು ತೆಗೆದಿಡುವುದೆಂದು ನಿಯಮ ಮಾಡಿದೆವು. ಎಲ್ಲರೂ ಮಾಡುವ ಕೆಲಸದಲ್ಲಿ ಯಾರಿಗೂ ನಾಚಿಕೆಯಿಲ್ಲ. ಎರಡನೆಯ ನಡಿಗೆಯಲ್ಲಿ ನಾಲ್ಕು ಮಂದಿ ಟೇಪು ಕೇಳಿದರು.

ಆ ಮೊದಲ ನಡಿಗೆಯಿಂದ ಬಂದ ಇನ್ನೊಂದು ಲಾಭವೆಂದರೆ ಕಾಲದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ರೂಪಿಸಿದ, ಇಂದಿಗೂ ಚಾಲ್ತಿಯಲ್ಲಿರುವ ಸೂತ್ರವೊಂದಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ನಮ್ಮ ನಡಿಗೆ 2 ಗಂಟೆ 18 ನಿಮಿಷದಲ್ಲಿ ಮುಗಿಯಬೇಕಿತ್ತು; ಹಿಡಿದದ್ದು 4 ಗಂಟೆ 10 ನಿಮಿಷ. ಸೂತ್ರದ ತಪ್ಪೇನಲ್ಲ, ಅದು ಗಟ್ಟಿಮುಟ್ಟಾದ ವಯಸ್ಕರು ನಿಲ್ಲದೆ ನಡೆಯುವ ಲೆಕ್ಕ. ಚೀಲದ ಭಾರ, ವಿಶ್ರಾಂತಿ, ಫೋಟೊ, ಬೂಟಿನ ದಾರ, ಜಗಳ, ಇವು ಯಾವುವೂ ಅದರಲ್ಲಿಲ್ಲ. ಮಕ್ಕಳು ತಮ್ಮದೇ ಸೂತ್ರವನ್ನು ಮಾಡಿಕೊಂಡರು: 3 ಕಿಲೋಮೀಟರಿಗೆ ಒಂದು ಗಂಟೆ, 300 ಮೀಟರ್ ಏರಿಗೆ ಇನ್ನೊಂದು. ಆಮೇಲೆ ಹುಡುಗಿಯೊಬ್ಬಳು ನಾನು ಮುಖ್ಯ ಚಾರಣಕ್ಕೆ ಗೊತ್ತುಮಾಡಿದ್ದ ಮೊದಲ ದಿನದ ದಾರಿಗೆ, ಅಂದರೆ 17 ಕಿಲೋಮೀಟರ್ ಮತ್ತು 700 ಮೀಟರ್ ಏರಿಗೆ, ಅದೇ ಲೆಕ್ಕವನ್ನು ಅನ್ವಯಿಸಿ ನನ್ನ ಬಳಿ ಬಂದಳು. "ಸರ್, ಇದಕ್ಕೆ 8 ಗಂಟೆ ಬೇಕು. ನೀವು ಬರೆದಿರುವಂತೆ ಹತ್ತೂವರೆಗೆ ಹೊರಟರೆ ಊಟಕ್ಕೆ ನಿಲ್ಲದೆ ಹೋದರೂ ಸಂಜೆ ಆರೂವರೆ. ನಾವು ಡೇರೆ ಹಾಕುವುದು ಕತ್ತಲಲ್ಲಿ." ನಾನು ನೈಸ್ಮಿತ್ ಸೂತ್ರವನ್ನು ಹಾಗೆಯೇ ಬಳಸಿ ನಾಲ್ಕೂವರೆ ಗಂಟೆ ಎಂದು ಬರೆದುಬಿಟ್ಟಿದ್ದೆ. ಅಂದಿನ ಸಭೆಯಲ್ಲಿ ಮಕ್ಕಳೇ ದಾರಿಯನ್ನು 11 ಕಿಲೋಮೀಟರಿಗೂ ಏರನ್ನು 450 ಮೀಟರಿಗೂ ಇಳಿಸಿ, ಹೊರಡುವ ಸಮಯವನ್ನು ಬೆಳಿಗ್ಗೆ ಒಂಬತ್ತಕ್ಕೆ ತಂದರು. ದಾರಿ ಅವರದಾದದ್ದು ಆ ಸಂಜೆಯಿಂದ.

ನಕ್ಷೆಯ ಅಭ್ಯಾಸಕ್ಕೆ ಮೊಬೈಲನ್ನು ಚೀಲದ ತಳಕ್ಕೆ ಸೇರಿಸಿಟ್ಟೆವು. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಒತ್ತಾಗಿದ್ದಲ್ಲಿ ಕಡಿದಾದ ಏರು, ದೂರದೂರವಿದ್ದಲ್ಲಿ ನಿಧಾನದ ಇಳಿಜಾರು, ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಅದನ್ನು ಕಾಲಿಗೆ ತಾಗಿಸಲು ಎರಡನೆಯ ಅಭ್ಯಾಸ ನಡಿಗೆ ಬೇಕಾಯಿತು. ಅಲ್ಲಿಯೂ ಒಂದು ತಂಡ ತಪ್ಪು ಕವಲನ್ನು ಹಿಡಿಯಿತು, ಮತ್ತು ನಾನು ಈ ಸಲ ಇಪ್ಪತ್ತೈದು ನಿಮಿಷಗಳ ಕಾಲ ಹಿಂದಿನಿಂದ ಸುಮ್ಮನೆ ನಡೆದೆ. ಅಪಾಯವಿಲ್ಲದ ಜಾಗವೆಂದು ಮೊದಲೇ ನೋಡಿಕೊಂಡಿದ್ದರೂ ಅಷ್ಟು ಉದ್ದದ ಇಪ್ಪತ್ತೈದು ನಿಮಿಷಗಳನ್ನು ನಾನು ಈಚೆಗೆ ಕಳೆದಿರಲಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿದ್ದ, ಅದುವರೆಗೂ ಯಾವ ಸಭೆಯಲ್ಲಿಯೂ ಮಾತನಾಡದಿದ್ದ ಹುಡುಗನೊಬ್ಬ, "ತೊರೆ ನಮ್ಮ ಎಡಗಡೆ ಇರಬೇಕಿತ್ತು, ಇಲ್ಲಿ ಬಲಗಡೆ ಇದೆ" ಎಂದು ಮೆಲ್ಲನೆ ಹೇಳಿದ. ಎಲ್ಲರೂ ನಿಂತರು, ನಕ್ಷೆಯನ್ನು ಉತ್ತರಕ್ಕೆ ಹೊಂದಿಸಿದರು, ವಾದಿಸಿದರು, ಹಿಂದಿರುಗಿದರು. ಆಮೇಲೆ ಆ ಹುಡುಗನನ್ನು ಕೇಳದೆ ಆ ತಂಡ ಯಾವ ಕವಲನ್ನೂ ದಾಟಲಿಲ್ಲ.

ಡೇರೆ ಮತ್ತು ಒಲೆಯ ಅಭ್ಯಾಸವನ್ನು ಮೈದಾನದಲ್ಲಿಯೇ ಮಾಡಿದೆವು, ಮೊದಲು ಹಗಲಿನಲ್ಲಿ, ಆಮೇಲೆ ಹೆಡ್‌ಲ್ಯಾಂಪ್ ಬೆಳಕಿನಲ್ಲಿ. ಇಲ್ಲಿಯೂ ನನ್ನದೊಂದು ಪ್ರಮಾದ: ನಾನು ತಂದಿದ್ದ ಗ್ಯಾಸ್ ಡಬ್ಬಿ ತಿರುಪಿನ ಬಗೆಯದಲ್ಲ, ನಮ್ಮ ಒಲೆಯಾದರೋ ತಿರುಪಿನ ಡಬ್ಬಿಗೆ ಮಾತ್ರ ಹೊಂದುವಂಥದ್ದು. ಬೆಟ್ಟದ ಮೇಲೆ ಹಸಿದ ಹನ್ನೆರಡು ಮಂದಿಯ ಮುಂದೆ ಗೊತ್ತಾಗಬೇಕಾಗಿದ್ದ ಸಂಗತಿ ಮೈದಾನದಲ್ಲಿಯೇ ಗೊತ್ತಾಯಿತು. ಮಕ್ಕಳು ಅದನ್ನು ಬಹಳ ದಿನ ನೆನಪಿಸುತ್ತಲೇ ಇದ್ದರು. ನಾನೇ ತಪ್ಪು ಮಾಡಿ ಸಿಕ್ಕಿಬಿದ್ದದ್ದರಿಂದ ಅವರೂ ತಮ್ಮ ತಪ್ಪುಗಳನ್ನು ಮುಚ್ಚಿಡದೆ ಹೇಳತೊಡಗಿದರೆಂದು ನನಗೆ ಅನ್ನಿಸುತ್ತದೆ. ಒಂದೇ ಒಂದು ವಿಷಯದಲ್ಲಿ ಮಾತ್ರ ನಾವು ಕಲಿಯುವ ಸ್ವಾತಂತ್ರ್ಯವನ್ನು ಕೊಡಲಿಲ್ಲ: ಡೇರೆಯ ಒಳಗೆ ಒಲೆ ಹಚ್ಚುವಂತಿಲ್ಲ, ಮಳೆ ಸುರಿದರೂ ಸರಿ. ಬೆಂಕಿ ಹೊತ್ತಿಕೊಳ್ಳುವ ಭಯ ಎಲ್ಲರಿಗೂ ಗೊತ್ತು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮುಚ್ಚಿದ ಡೇರೆಯಲ್ಲಿ ತುಂಬಿಕೊಂಡು ನಿದ್ದೆಯಲ್ಲಿಯೇ ಕೊಲ್ಲಬಲ್ಲದು ಎಂಬುದನ್ನು ಕೇಳಿದಾಗ ಗುಂಪು ಒಮ್ಮೆ ಸುಮ್ಮನಾಯಿತು.

ನೀರು ಮತ್ತು ಶೌಚದ ಪಾಠ ನಗುವಿನಲ್ಲಿ ಆರಂಭವಾಗುವುದೆಂದು ತಿಳಿದೇ ಇತ್ತು, ಆದ್ದರಿಂದ ಮೊದಲು ನಗಲು ಬಿಟ್ಟೆವು. ತೊರೆಯ ನೀರನ್ನು ಕೊತಕೊತನೆ ಒಂದು ನಿಮಿಷ ಕುದಿಸಬೇಕು. 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವುದರಿಂದ ಮೂರು ನಿಮಿಷ. ಶೌಚಕ್ಕೆ ನೀರಿನಿಂದಲೂ ದಾರಿಯಿಂದಲೂ ಡೇರೆಯಿಂದಲೂ ಸುಮಾರು 60 ಮೀಟರ್ ದೂರದಲ್ಲಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. 60 ಮೀಟರ್ ಎಂದರೆ ತಮ್ಮ ಎಷ್ಟು ಹೆಜ್ಜೆ ಎಂದು ಪ್ರತಿಯೊಬ್ಬರಿಂದಲೂ ಎಣಿಸಿದೆವು. ಹುಡುಗಿಯರೊಂದಿಗೆ ಸಹ-ನಾಯಕಿಯವರು ಪ್ರತ್ಯೇಕವಾಗಿ ಮಾತನಾಡಿ, ಮುಟ್ಟಿನ ದಿನ ಹತ್ತಿರವಿರಲಿ ಇಲ್ಲದಿರಲಿ, ಪ್ಯಾಡ್, ಕಾಗದ ಮತ್ತು ಬಳಸಿದ್ದನ್ನು ಹಿಂದಕ್ಕೆ ತರಲು ದಪ್ಪನೆಯ ಚೀಲವಿರುವ ಒಂದೇ ರೀತಿಯ ಪೊಟ್ಟಣವನ್ನು ಎಲ್ಲರಿಗೂ ಕೊಟ್ಟರು.

ಪೋಷಕರ ಸಭೆಯಲ್ಲಿ ಕೇಳಿಬಂದ ಪ್ರಶ್ನೆಗಳು ಹೆಚ್ಚಾಗಿ ಹಾವು ಮತ್ತು ಮೊಬೈಲಿಗೆ ಸಂಬಂಧಿಸಿದ್ದವು. ನಿಜವಾಗಿ ಬೇಕಾಗಿದ್ದ ಸಂಗತಿಗಳು ಸಭೆ ಮುಗಿದ ಮೇಲೆ, ಬಾಗಿಲ ಬಳಿ, ತಗ್ಗಿದ ದನಿಯಲ್ಲಿ ಬಂದವು. ಒಬ್ಬ ಮಗನಿಗೆ ಇನ್ನೂ ಅಪರೂಪಕ್ಕೊಮ್ಮೆ ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಅವನಿಗೆ ಒಂದು ಜೊತೆ ಬಟ್ಟೆಯನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳುವಂತೆ, ಡೇರೆಯಲ್ಲಿ ಬಾಗಿಲ ಪಕ್ಕದ ಜಾಗ ಸಿಗುವಂತೆ, ಯಾರಿಗೂ ಕಾರಣ ತಿಳಿಯದಂತೆ ಏರ್ಪಾಡು ಮಾಡಿದೆವು. ಇನ್ನೊಬ್ಬಳಿಗೆ ಆಸ್ತಮಾ ಇದೆಯೆಂದು ಆರೋಗ್ಯದ ಅರ್ಜಿಯಲ್ಲಿಯೇ ಬರೆದಿತ್ತು, ಆದರೆ ಇನ್ಹೇಲರನ್ನು ಗೆಳತಿಯರ ಮುಂದೆ ಹೊರಗೆ ತೆಗೆಯಲು ಅವಳು ಹಿಂಜರಿಯುತ್ತಾಳೆಂದು ಯಾವ ಅರ್ಜಿಯಲ್ಲಿಯೂ ಇರಲಿಲ್ಲ. ಇನ್ಹೇಲರ್ ಚೀಲದೊಳಗಲ್ಲ, ಅವಳ ಜೇಬಿನಲ್ಲಿಯೇ ಇರಬೇಕು, ಹೆಚ್ಚುವರಿ ಒಂದು ನಮ್ಮ ಬಳಿ ಇರಬೇಕು, ಅದನ್ನು ಬಳಸಲು ನೆರವಾಗುವುದನ್ನು ಅವಳ ಜೋಡಿಯೂ ಕಲಿತಿರಬೇಕು ಎಂದು ಅವಳೊಂದಿಗೇ ಕುಳಿತು ನಿರ್ಧರಿಸಿದೆವು. ಈ ಬಾಗಿಲ ಬಳಿಯ ಮಾತುಗಳಿಗಾಗಿ ಸಮಯ ಬಿಟ್ಟಿರಬೇಕೆಂಬುದು ನನಗೆ ಮೊದಲೇ ಹೊಳೆದಿರಲಿಲ್ಲ.

ಏಳನೆಯ ವಾರದ ಸಂಜೆ ಮಾತ್ರ ಇಡೀ ಸಿದ್ಧತೆಯಲ್ಲಿ ನನ್ನ ಮನಸ್ಸಿನಲ್ಲಿ ಅತ್ಯಂತ ಸ್ಪಷ್ಟವಾಗಿ ಉಳಿದಿದೆ. 'ಹೀಗಾದರೆ ಏನು ಮಾಡುವಿರಿ' ಎಂಬ ಪ್ರಶ್ನೆಗಳ ಚೀಟಿಗಳನ್ನು ಎತ್ತಿಸುತ್ತಿದ್ದೆವು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಬೆಟ್ಟದ ನೆತ್ತಿಯಿಂದಲೂ ಒಂಟಿ ಮರದಿಂದಲೂ ದೂರ ಸರಿಯಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಗುಂಪಿನಿಂದ ತಪ್ಪಿಸಿಕೊಂಡರೆ ಹುಡುಕುತ್ತಾ ಅಲೆಯದೆ ಇದ್ದಲ್ಲಿಯೇ ಇದ್ದು, ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಪರ್ವತಗಳಲ್ಲಿ ಬಳಕೆಯಲ್ಲಿರುವ ಈ ಸಂಕೇತಕ್ಕೆ ಮೂರು ಸೀಟಿ ಉತ್ತರ. ಇವೆಲ್ಲಕ್ಕೂ ಸರಿಯಾದ ಉತ್ತರಗಳನ್ನೇ ಕೊಡುತ್ತಿದ್ದ ಮಕ್ಕಳ ನಡುವಿನಿಂದ ಯಾರೋ, "ಸರ್, ನೀವೇ ಬಿದ್ದರೆ?" ಎಂದು ಕೇಳಿದರು. ಸಹ-ನಾಯಕಿಯವರು ನನ್ನ ಕಡೆ ನೋಡಿದರು. ನಾನು ಹುಲ್ಲಿನ ಮೇಲೆ ಮಲಗಿ, ಕಾಲು ಮುರಿದವನಂತೆ ನರಳಿ, ಆಮೇಲೆ ಪ್ರಜ್ಞೆ ತಪ್ಪಿದವನಂತೆ ಕಣ್ಣು ಮುಚ್ಚಿದೆ.

ಮೊದಲ ಎರಡು ನಿಮಿಷ ಕೇವಲ ನಗು. ಆಮೇಲೆ ಒಬ್ಬರು ನನ್ನ ಉಸಿರನ್ನು ನೋಡಿದರು, ಇಬ್ಬರು ಮೈಮೇಲೆ ಜಾಕೆಟ್ ಹೊದಿಸಿದರು, ಇನ್ನೊಬ್ಬರು ಬೆನ್ನ ಕೆಳಗೂ ಏನಾದರೂ ಹಾಸಬೇಕಲ್ಲವೇ ಎಂದರು. ನೆಲವೇ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ ಎಂಬ ಪಾಠ ಉಳಿದಿತ್ತು. "ಫೋನ್ ಮಾಡೋಣ" ಎಂದು ನನ್ನ ಮೊಬೈಲನ್ನು ಜೇಬಿನಿಂದ ತೆಗೆದರು. ಅದಕ್ಕೆ ಪಾಸ್‌ವರ್ಡ್ ಇತ್ತು. ಬೀಗ ತೆಗೆಯದೆಯೇ ತುರ್ತು ಕರೆ ಮಾಡಬಹುದೆಂದು ಒಬ್ಬಳಿಗೆ ಹೊಳೆಯಿತು. ಸರಿ, ಆದರೆ ಕರೆ ಸ್ವೀಕರಿಸಿದವರಿಗೆ ನಾವು ಎಲ್ಲಿದ್ದೇವೆಂದು ಏನು ಹೇಳುವುದು? ಪೋಷಕರ ಸಂಖ್ಯೆಗಳು, ಯಾರಿಗೆ ಯಾವ ಔಷಧಿ ಅಲರ್ಜಿ ಎಂಬ ವಿವರ, ದಾರಿಯ ಯಾವ ಹಂತದಿಂದ ರಸ್ತೆಗೆ ಬೇಗ ಇಳಿಯಬಹುದು ಎಂಬ ನನ್ನ ಟಿಪ್ಪಣಿ, ಎಲ್ಲವೂ ಆ ಬೀಗದ ಹಿಂದೆಯೇ ಇದ್ದವು. ಕಣ್ಣು ಮುಚ್ಚಿ ಮಲಗಿದ್ದ ನನಗೆ, ಎಲ್ಲವನ್ನೂ ಅವರಿಗೆ ಬಿಟ್ಟುಕೊಟ್ಟೆನೆಂದುಕೊಂಡಿದ್ದವನು ಅತಿ ಮುಖ್ಯವಾದದ್ದನ್ನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದೆನೆಂದು ಗೊತ್ತಾಯಿತು. ಮರುದಿನವೇ ಆ ವಿವರಗಳನ್ನೆಲ್ಲ ಕಾಗದದ ಮೇಲೆ ಬರೆದು, ನೀರು ತಾಗದ ಹೊದಿಕೆಯಲ್ಲಿ ಮುದ್ರೆಹಾಕಿ, ಪ್ರತಿ ತಂಡದ ಇಬ್ಬಿಬ್ಬರ ಚೀಲದ ಮೇಲಿನ ಜೇಬಿನಲ್ಲಿಟ್ಟೆವು. ತೆರೆಯುವುದು ತುರ್ತಿನಲ್ಲಿ ಮಾತ್ರ ಎಂಬ ಮಾತನ್ನು ಅವರು ಪಾಲಿಸಿದರು.

ಚಾರಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಮತ್ತು ಅದು ಒಳ್ಳೆಯ ಲಕ್ಷಣವೇ. ಇಪ್ಪತ್ತನೆಯ ನಿಮಿಷಕ್ಕೆ ಬೂಟುಗಳು ಬಿಚ್ಚಿದವು. ಡೇರೆಯ ಜಾಗಕ್ಕೆ ಎರಡೂವರೆಗೆ ತಲಪುತ್ತೇವೆಂದು ಮಕ್ಕಳು ಬರೆದಿದ್ದರು, ತಲಪಿದ್ದು ಮೂರಕ್ಕೆ. ರಾತ್ರಿ ಹನ್ನೊಂದರ ಸುಮಾರಿಗೆ ಗಾಳಿಯೊಂದಿಗೆ ಮಳೆ ಬಂತು. ನಾನು ಬೂಟು ಹಾಕಿಕೊಂಡು ಡೇರೆಯ ಬಾಗಿಲಲ್ಲಿ ಕುಳಿತೆ. ಪಕ್ಕದ ಡೇರೆಗಳಲ್ಲಿ ಒಂದೊಂದಾಗಿ ಹೆಡ್‌ಲ್ಯಾಂಪ್‌ಗಳು ಹೊತ್ತಿಕೊಂಡವು, ಗಾಳಿಗೆ ಅರ್ಧ ಕಿತ್ತುಹೋದ ಮಾತುಗಳು ಕೇಳಿಸಿದವು, ಯಾರೋ ಹಗ್ಗ ಬಿಗಿದರು, ಯಾರೋ ಗೂಟಕ್ಕೆ ಕಲ್ಲಿನಿಂದ ಬಡಿದರು. ಎದ್ದು ಹೋಗಲು ಎರಡು ಸಲ ಮನಸ್ಸಾಯಿತು. ಎರಡು ಸಲವೂ ದೀಪಗಳನ್ನು ಎಣಿಸಿ, ಆರಕ್ಕೆ ಆರು ಕಂಡದ್ದರಿಂದ ಕುಳಿತೇ ಇದ್ದೆ. ಮಳೆ ಇಳಿದ ಮೇಲೆ ನಿದ್ದೆ ಬಾರದ ಐದಾರು ಮಂದಿ ಒಂದೇ ಡೇರೆಯಲ್ಲಿ ಕೂಡಿದರು, ಮತ್ತು ಆ ದಪ್ಪನೆಯ ಪುಸ್ತಕದಿಂದ ಒಬ್ಬ ಗಟ್ಟಿಯಾಗಿ ಓದುವುದು ಕೇಳಿಸಿತು. ಕತ್ತಲೆಂದರೆ ಭಯವೆಂದು ತಾಯಿಯ ಮೂಲಕ ತಿಳಿಸಿದ್ದ ಹುಡುಗಿಯ ನಗು ಅವರ ನಡುವೆ ಇತ್ತು.

ಹಿಂದಿರುಗಿದ ಮೂರನೆಯ ದಿನ ಎಲ್ಲರೂ ಚೀಲಗಳೊಂದಿಗೆ ಮತ್ತೆ ಸೇರಿದರು. ಒದ್ದೆ ಡೇರೆಗಳನ್ನು ಹರವಿ, ಗೂಟಗಳನ್ನು ಎಣಿಸಿ (ಒಂದು ಕಡಿಮೆ ಇತ್ತು, ಅದು ನನ್ನ ಡೇರೆಯದು), ತಂದ ವಸ್ತುಗಳನ್ನು ಎರಡು ರಾಶಿ ಮಾಡಿದೆವು: ಬಳಸಿದವು, ಬಳಸದವು. ಬಳಸದ ರಾಶಿಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸೀಟಿಗಳು ಮತ್ತು ಮುದ್ರೆಹಾಕಿದ ಕಾಗದಗಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಕ್ಕಳು ಒಂದೊಂದಾಗಿ ವಾದಿಸಿ ತೆಗೆದುಹಾಕಿದರು. ಮುಂದಿನ ವರ್ಷ ಹೋಗುವವರಿಗಾಗಿ ಅವರು ಬರೆದುಕೊಟ್ಟ ಪಟ್ಟಿಯಲ್ಲಿ 27 ವಸ್ತುಗಳಿದ್ದವು. ಅದರಲ್ಲಿ 19ನೆಯದು, ತಂಡಕ್ಕೊಂದು ಕಥೆಪುಸ್ತಕ, ಸರದಿಯ ಮೇಲೆ ಹೊರತಕ್ಕದ್ದು.